ಒಂಟಿ ದನಿಗೆ ಊರೇ ದನಿಗೂಡಿಸುವ ಹಾಡು

ಹಾಡೆಂದರೆ ಕಿವಿಗೆ ಇಂಪು, ಮನಸ್ಸಿಗೆ ತಂಪು ಎಂದು ತಿಳಿಯುವುದು ವಾಡಿಕೆ. ಆದರೆ ರಾಗಕ್ಕಿಂತ ಮಾತೇ ಮುಂದಾಗಿ ನಡೆಯುವ ಹಾಡುಗಳೂ ಉಂಟು. ಅರ್ಧ ಆಡಿ, ಅರ್ಧ ಹಾಡಿ, ತಮಟೆಯ ಪೆಟ್ಟಿಗೆ ಹೊಂದಿಸಿ ಹೇಳುವ ಈ ಹಾಡುಗಳು ಅನ್ಯಾಯವನ್ನು ಹೆಸರಿಸುತ್ತವೆ. ಚದುರಿದ ಜನರನ್ನು ಒಂದುಗೂಡಲು ಕರೆಯುತ್ತವೆ. ಚಿಂತಾಮಣಿ ಸೀಮೆಗೆ ಇದು ಹೊಸತೇನಲ್ಲ.

ಅಂಬಾಜಿದುರ್ಗದ ಬೆಟ್ಟಕ್ಕೆ ಸಮೀಪದಲ್ಲೇ ಕೈವಾರವಿದೆ. ಊರೂರು ಅಲೆದು ಬಳೆ ಮಾರುತ್ತಿದ್ದ ನಾರಾಯಣಪ್ಪನವರು ಮುಂದೆ ಯೋಗಿ ನಾರೇಯಣರಾಗಿ, ಜನರ ಬಾಯಲ್ಲಿ ಕೈವಾರ ತಾತಯ್ಯನವರಾಗಿ ಉಳಿದದ್ದು ಇಲ್ಲಿಯೇ. ಅವರು 1726ರಿಂದ 1836ರವರೆಗೆ ಬಾಳಿದರೆಂದು ಸಂಪ್ರದಾಯ ಹೇಳುತ್ತದೆ. ಎರಡು ಭಾಷೆಗಳು ಬೆರೆತ ಈ ಗಡಿಸೀಮೆಯಲ್ಲಿ ಅವರು ಕನ್ನಡದಲ್ಲೂ ತೆಲುಗಿನಲ್ಲೂ ಪದಗಳನ್ನು ಕಟ್ಟಿದರು. ಭಕ್ತಿಯ ಮಾತಿನೊಳಗೇ ಕುಲದ ಹೆಮ್ಮೆಯನ್ನೂ ಡಾಂಭಿಕತನವನ್ನೂ ಪ್ರಶ್ನಿಸಿದರು. ಓದುಬರಹ ಬಾರದವರೂ ಆ ಪದಗಳನ್ನು ಬಾಯಿಂದ ಬಾಯಿಗೆ ದಾಟಿಸಿದರು.

1970ರ ದಶಕದಲ್ಲಿ ಈ ಪರಂಪರೆಗೆ ಮತ್ತೊಂದು ಕಸುವು ಬಂದಿತು. ಬಿ. ಕೃಷ್ಣಪ್ಪನವರೇ ಮೊದಲಾದವರು ಕಟ್ಟಿದ ದಲಿತ ಸಂಘರ್ಷ ಸಮಿತಿಯ ಜೊತೆಜೊತೆಗೆ ಹೋರಾಟದ ಹಾಡುಗಳೂ ಹಳ್ಳಿಗಳನ್ನು ಹೊಕ್ಕವು. ಕವಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಸಂಕಲನ 1975ರಲ್ಲಿ ಬಂದಿತು. ಅದರ ಕವಿತೆಗಳು ಪುಸ್ತಕದಲ್ಲಿ ನಿಲ್ಲದೆ ಬೀದಿಗೆ ಇಳಿದವು. ಕೋಲಾರದ ಕೋಟಿಗಾನಹಳ್ಳಿ ರಾಮಯ್ಯನವರು ಹಾಡು ಬರೆದದ್ದಲ್ಲದೆ, ತೇರಹಳ್ಳಿ ಬೆಟ್ಟದ ಮೇಲೆ ‘ಆದಿಮ’ ಸಾಂಸ್ಕೃತಿಕ ಕೇಂದ್ರವನ್ನು ಕಟ್ಟಿ, ಹುಣ್ಣಿಮೆಯ ರಾತ್ರಿಗಳಲ್ಲಿ ಹಾಡಿಗೂ ನಾಟಕಕ್ಕೂ ಜನರನ್ನು ಕೂಡಿಸಿದರು. ಗಡಿಯಾಚೆ, 2023ರಲ್ಲಿ ನಿಧನರಾದ ಗದ್ದರ್ ಅವರು ಮಾತಿನ ನಡುವೆ ಹಾಡುತ್ತ, ಹಾಡಿನ ನಡುವೆ ಮಾತನಾಡುತ್ತ ತೆಲುಗು ಜನರನ್ನು ಹೀಗೆಯೇ ಸೇರಿಸಿದ್ದರು.

ಹಾಡಿನ ಜೊತೆಗಿದ್ದ ತಮಟೆಯನ್ನೂ ನಾವು ಗಮನಿಸಬೇಕು. ಸಾವಿನ ಮನೆಯ ಮುಂದೆ, ಡಂಗುರ ಸಾರುವಾಗ, ಜಾತ್ರೆಯ ಮೆರವಣಿಗೆಯಲ್ಲಿ ಅದನ್ನು ಬಾರಿಸುವುದು ಒಂದು ಜಾತಿಯವರ ಮೇಲೆ ಹೊರಿಸಿದ ಬಿಟ್ಟಿ ಚಾಕರಿಯಾಗಿತ್ತು. ಅದೇ ಚರ್ಮವಾದ್ಯವನ್ನು ಬೆಂಕಿಗೆ ಕಾಯಿಸಿ, ಬಿಗಿಮಾಡಿ, ಅದೇ ಕೈಗಳು ಸ್ವಾಭಿಮಾನಕ್ಕಾಗಿ ಬಾರಿಸಿದವು. ಒಬ್ಬರು ಒಂದು ಸಾಲನ್ನು ಎತ್ತಿ ಹೇಳುತ್ತಾರೆ. ಉಳಿದವರು ಅದನ್ನೇ ಮರುನುಡಿಯುತ್ತಾರೆ. ಮೊದಲ ಸಾಲಿಗೆ ಕೇಳುಗರಾಗಿದ್ದವರು ಮೂರನೆಯ ಸಾಲಿಗೆ ಹಾಡುಗಾರರಾಗಿರುತ್ತಾರೆ. ಸತ್ಯವನ್ನು ಮೊದಲು ನುಡಿದವನು ಒಂಟಿಯಾಗಿ ಉಳಿಯುವುದಿಲ್ಲ. ಈ ಹಾಡುಗಳ ಶಕ್ತಿಯೆಲ್ಲ ಇರುವುದು ಇಲ್ಲಿಯೇ.

ಆ ಶಕ್ತಿಯ ಅಗತ್ಯವೆಷ್ಟೆಂಬುದನ್ನು ಇದೇ ತಾಲ್ಲೂಕಿನ ಕಂಬಾಲಪಲ್ಲಿ ನಮಗೆ ತೋರಿಸಿಕೊಟ್ಟಿದೆ. 2000ನೇ ಇಸವಿಯ ಮಾರ್ಚ್ 11ರಂದು ಅಲ್ಲಿ 7 ಮಂದಿ ದಲಿತರನ್ನು ಜೀವಂತವಾಗಿ ಸುಡಲಾಯಿತು. ವಿಚಾರಣೆಯಲ್ಲಿ ಸಾಕ್ಷಿಗಳು ಪ್ರತಿಕೂಲವಾದರು. 2006ರಲ್ಲಿ ಆರೋಪಿಗಳ ಖುಲಾಸೆಯಾಯಿತು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ನೊಂದವನ ಮಾತಿಗೆ ಇಡೀ ಊರು ದನಿಗೂಡಿಸದಿದ್ದರೆ ನ್ಯಾಯದ ಬಾಗಿಲಲ್ಲಿ ಮೌನವೊಂದೇ ಉಳಿಯುತ್ತದೆ. ಹಾಡು ತೀರ್ಪನ್ನು ಬದಲಿಸಲಾರದು, ನಿಜ. ಆದರೆ ‘ನಿನ್ನ ಹಿಂದೆ ನಾವಿದ್ದೇವೆ’ ಎಂಬ ಧೈರ್ಯವನ್ನು ಅದು ಮೊದಲೇ ಕಲಿಸಬಲ್ಲದು.

ಐಕ್ಯವೆಂದರೆ ಜಗಳವಿಲ್ಲದಿರುವುದು ಎಂದು ನಾವು ಸುಲಭವಾಗಿ ಭಾವಿಸುತ್ತೇವೆ. ಗಾಯವನ್ನು ಮುಚ್ಚಿಟ್ಟು ಕೈಕುಲುಕುವುದು ಐಕ್ಯವಲ್ಲ. ನಮ್ಮ ಧರ್ಮಸಭೆಯೂ ಇದನ್ನು ಒಪ್ಪಿಕೊಂಡಿದೆ. 2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು ಹೊರತಂದ ದಲಿತ ಸಬಲೀಕರಣ ನೀತಿಯು, ಜಾತಿಭೇದವು ಸಭೆಯೊಳಗೂ ಇದೆಯೆಂದು ಮರೆಮಾಚದೆ ಹೇಳಿತು. ಒಂದೇ ಪೀಠದಿಂದ ಪ್ರಸಾದ ಸ್ವೀಕರಿಸುವ ನಾವು ಸಂಬಂಧ ಬೆಳೆಸುವಾಗ, ಸಮಾಧಿಯ ಜಾಗ ಗೊತ್ತುಮಾಡುವಾಗ ಕುಲ ಕೇಳುವುದಾದರೆ, ನಮ್ಮ ಗಾಯನವೃಂದ ಎಷ್ಟು ಇಂಪಾಗಿ ಹಾಡಿದರೇನು?

ಆದ್ದರಿಂದ ಓದುಗ ಕುಟುಂಬಗಳಲ್ಲಿ ನಮ್ಮದೊಂದು ಬಿನ್ನಹ. ಊರಿನಲ್ಲಿ ತಮಟೆಯ ಸದ್ದು ಕೇಳಿದಾಗ ‘ಯಾರದೋ ಗಲಾಟೆ’ ಎಂದು ಕದ ಮುಚ್ಚಿಕೊಳ್ಳದಿರೋಣ. ಮಕ್ಕಳ ಕೈಹಿಡಿದು ಹೊರಗೆ ಬಂದು, ಹಾಡುಗಾರರು ಹೇಳುತ್ತಿರುವುದೇನೆಂದು ಕಿವಿಗೊಡೋಣ. ಅದು ನಿಜವೆನಿಸಿದರೆ ಎರಡನೆಯ ಸಾಲಿಗೆ ನಾವೂ ದನಿಗೂಡಿಸೋಣ.