ಏಳೂಮುಕ್ಕಾಲೋ, ಪಾವಣೆ ಎಂಟೋ? ಮಕ್ಕಳಿಗೆ ಗಡಿಯಾರ ಕಲಿಸುವ ಬಗೆ

ಅಕ್ಕಲಕೋಟೆ: ಗೋಡೆ ಗಡಿಯಾರದಲ್ಲಿ 7.45. ಅಜ್ಜಿ ‘ಏಳೂಮುಕ್ಕಾಲು ಆತು’ ಎನ್ನುತ್ತಾಳೆ. ಓಣಿಯ ಮರಾಠಿ ಗೆಳತಿಗೆ ಅದು ‘ಪಾವಣೆ ಆಠ್’. ಶಾಲೆಯ ಇಂಗ್ಲಿಷ್ ತಾಸಿನಲ್ಲಿ ‘ಕ್ವಾರ್ಟರ್ ಟು ಏಟ್’. ಎರಡನೇ ಇಯತ್ತೆಯ ಹುಡುಗಿಗೆ ಈಗ ಏಳೋ ಎಂಟೋ ಎಂಬುದೇ ತಿಳಿಯದು. ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಮನೆಗಳಲ್ಲಿ ಇಂಥ ಗೊಂದಲ ಹೊಸದಲ್ಲ. ಮಗುವನ್ನು ದಡ್ಡ ಎಂದು ಗದರುವ ಮೊದಲು ಪಾಲಕರು ಇದರ ಕಾರಣ ತಿಳಿಯುವುದು ಒಳ್ಳೆಯದು.

ಕನ್ನಡ ಕಳೆದುಹೋದ ಹೊತ್ತನ್ನು ಎಣಿಸುತ್ತದೆ. ಏಳು ಹೊಡೆದು ಮೇಲೆ ಮುಕ್ಕಾಲು ತಾಸು ಆಗಿದೆ, ಆದ್ದರಿಂದ ಏಳೂಮುಕ್ಕಾಲು. ಮಲಯಾಳ, ತಮಿಳಿನಲ್ಲೂ ಇದೇ ಕ್ರಮ. ಹೀಗಾಗಿ ಕಾಸರಗೋಡಿನ ಅಥವಾ ತಾಳವಾಡಿಯ ಮಗುವಿಗೆ ಮನೆ ಮಾತಿಗೂ ಊರ ಮಾತಿಗೂ ಇಲ್ಲಿ ಜಗಳವಿಲ್ಲ. ಮರಾಠಿ ಮುಂದಿನ ಗಂಟೆಯನ್ನು ಹಿಡಿದು ಅದಕ್ಕೆ ಕಡಿಮೆ ಇರುವುದನ್ನು ಹೇಳುತ್ತದೆ. ಅಂಗಡಿಯಲ್ಲಿ ‘ಪಾವ್ ಕಿಲೋ’ ಎಂದರೆ ಕಾಲು ಕಿಲೋ. ‘ಪಾವಣೆ’ ಎಂದರೆ ಕಾಲು ಕಡಿಮೆ. ಇನ್ನು ಒಂದೂವರೆಗೆ ‘ದೀಡ್’, ಎರಡೂವರೆಗೆ ‘ಅಡೀಚ್’. ಆ ಶಬ್ದಗಳಲ್ಲಿ ಒಂದು, ಎರಡು ಎಂಬ ಅಂಕಿಯ ಗುರುತೇ ಸಿಗುವುದಿಲ್ಲ, ಪಾಪ ಮಗು ಏನು ಮಾಡೀತು! ಆದ್ದರಿಂದ ಮೊದಲು ಮನೆಯಲ್ಲಿ ಎಲ್ಲರೂ ಒಂದೇ ರೀತಿಯಲ್ಲಿ ಹೇಳಬೇಕು. ಗಡಿಯಾರ ಪಳಗಿದ ಮೇಲೆ ಉಳಿದೆರಡು ಭಾಷೆ ತಾವಾಗಿ ಹೊಂದಿಕೊಳ್ಳುತ್ತವೆ.

ಎರಡೂ ಮುಳ್ಳನ್ನು ಒಂದೇ ದಿನ ಕಲಿಸಹೋಗುವುದು ಹೆಚ್ಚಿನವರು ಮಾಡುವ ತಪ್ಪು. ರಟ್ಟಿನ ಮೇಲೆ ಗಡಿಯಾರ ಬರೆದು ಸಣ್ಣ ಮುಳ್ಳನ್ನು ಮಾತ್ರ ಇಡಿ. ಏಳರ ಮೇಲಿದ್ದರೆ ಏಳು. ಏಳು ದಾಟಿ ಸ್ವಲ್ಪ ಹೋಗಿದ್ದರೆ ‘ಏಳು ಆಗಿ ಹೋಗಿದೆ’. ಏಳು ಎಂಟರ ನಡುವೆ ಇದ್ದರೆ ಏಳೂವರೆ. ಇಷ್ಟು ಬಂದರೆ ಅರ್ಧ ಕೆಲಸ ಮುಗಿದಂತೆ. ಕಾಲು, ಮುಕ್ಕಾಲು ತಿಳಿಸಲು ರೊಟ್ಟಿಯನ್ನು ನಾಲ್ಕು ತುಂಡು ಮಾಡಿ ತೋರಿಸಿದರೆ ಸಾಕು.

ಅಂಗಡಿಯ ಆಟಿಕೆ ಗಡಿಯಾರಗಳಲ್ಲಿ ಒಂದು ದೋಷವಿದೆ. ಅನೇಕವುಗಳಲ್ಲಿ ಮುಳ್ಳುಗಳು ಬೇರೆ ಬೇರೆಯಾಗಿ ತಿರುಗುತ್ತವೆ. ಮಗು ದೊಡ್ಡ ಮುಳ್ಳನ್ನು ಆರಕ್ಕೆ ತಂದರೂ ಸಣ್ಣದು ಮೂರರ ಮೇಲೇ ನಿಂತಿರುತ್ತದೆ. ನಿಜವಾದ ಗಡಿಯಾರದಲ್ಲಿ ಮೂರೂವರೆಗೆ ಅದು ಮೂರು ನಾಲ್ಕರ ನಟ್ಟನಡುವೆ ಇರಬೇಕು. ಅಟ್ಟದ ಮೇಲೆ ಹಳೆಯ ಅಲಾರಾಂ ಗಡಿಯಾರವಿದ್ದರೆ ಅದನ್ನೇ ಕೊಡಿ. ಹಿಂದಿನ ಕಿವಿ ತಿರುವಿದರೆ ಎರಡೂ ಮುಳ್ಳು ಜೊತೆಯಾಗಿ ಓಡುತ್ತವೆ: ದೊಡ್ಡದು ಇಡೀ ಸುತ್ತು ಹೊಡೆಯುವಷ್ಟರಲ್ಲಿ ಸಣ್ಣದು ಒಂದೇ ಮನೆ ದಾಟುತ್ತದೆ. ಬಾಯಲ್ಲಿ ಎಷ್ಟು ಹೇಳಿದರೂ ಬಾರದ್ದು ಇಲ್ಲಿ ಕಣ್ಣಿಗೆ ಕಾಣುತ್ತದೆ.

7.55 ಅನ್ನು 8.55 ಎಂದು ಓದುವುದು ಮಕ್ಕಳ ಸಾಮಾನ್ಯ ತಪ್ಪು, ಏಕೆಂದರೆ ಸಣ್ಣ ಮುಳ್ಳು ಆಗಲೇ ಎಂಟಕ್ಕೆ ಅಂಟಿಕೊಂಡಂತೆ ಕಾಣುತ್ತದೆ. ‘ದೊಡ್ಡ ಮುಳ್ಳು ಹನ್ನೆರಡಕ್ಕೆ ಬಂತೇನು?’ ಎಂದು ಕೇಳಿ. ಬಂದಿಲ್ಲವಾದರೆ ಎಂಟು ಹೊಡೆದಿಲ್ಲ.

ನಿಮಿಷಕ್ಕೆ ಐದರ ಮಗ್ಗಿ ಬಂದಿರಬೇಕು. ಬಾರದೆ ಅವಸರ ಮಾಡಬೇಡಿ. ರೂಪಾಯಿಗೆ ನೂರು ಪೈಸೆ, ತಾಸಿಗೆ ಮಾತ್ರ 60 ನಿಮಿಷ ಎಂಬುದನ್ನೂ ಬಿಡಿಸಿ ಹೇಳಬೇಕಾಗುತ್ತದೆ.

ಮೊಬೈಲ್ ನೋಡಿದರೆ ಸಾಲದೇ ಎಂದು ಕೇಳುವವರುಂಟು. ಮೊಬೈಲು 7.40 ಎಂದು ಹೇಳುತ್ತದೆ ಅಷ್ಟೇ. ಎಂಟರ ಎಸ್.ಟಿ. ಬಸ್ಸಿಗೆ ಇನ್ನೆಷ್ಟು ಹೊತ್ತು ಉಳಿದಿದೆ ಎಂಬುದು ಮುಳ್ಳಿನ ಮುಂದಿರುವ ಖಾಲಿ ಜಾಗದಲ್ಲಿ ಕಾಣುತ್ತದೆ. ಸೊಲ್ಲಾಪುರ ಸ್ಟೇಶನ್ನಿನ ಫಲಕದಲ್ಲಿ 19.30 ಎಂದಿದ್ದರೆ ಅದರಲ್ಲಿ 12 ಕಳೆದು ಏಳೂವರೆ ಎನ್ನುವ ಲೆಕ್ಕವನ್ನು ಮೂರು, ನಾಲ್ಕನೇ ಇಯತ್ತೆಗೆ ಬಿಡಬಹುದು.