ಮೃಗದ ಮಲ ಹೇಳುವ ವೈರಸ್ ವೃತ್ತಾಂತ

ಕಾಡಿನ ಹಾದಿಯಲ್ಲಿ ಹುಲಿಯದೋ ಚಿರತೆಯದೋ ಮಲ ಕಣ್ಣಿಗೆ ಬಿದ್ದರೆ ನಾವು ಮೂಗು ಮುಚ್ಚಿಕೊಂಡು ಪಕ್ಕಕ್ಕೆ ಸರಿಯುತ್ತೇವೆ. ಪ್ರಾಣಿಶಾಸ್ತ್ರಜ್ಞನಾದರೋ ಅಲ್ಲಿಯೇ ನಿಲ್ಲುತ್ತಾನೆ. ಜೀರ್ಣವಾಗದೆ ಉಳಿದ ಕೂದಲನ್ನು ಪರೀಕ್ಷಿಸಿ, ಆ ಮೃಗವು ತಿಂದದ್ದು ಜಿಂಕೆಯನ್ನೋ ಹಂದಿಯನ್ನೋ ಎಂಬುದನ್ನು ಅವನು ಹೇಳಬಲ್ಲನು. ನಮ್ಮ ನಾಗರಹೊಳೆಯ ಹುಲಿ, ಚಿರತೆ, ಕಾಡುನಾಯಿಗಳ ಆಹಾರವನ್ನು ಅರಿಯಲು ಇಂತಹ ಪರೀಕ್ಷೆಯೇ ಬಹುವಾಗಿ ನೆರವಾಯಿತು. ಈಗ ಅದೇ ಮಲದಲ್ಲಿ, ಕೂದಲಿನ ದಪ್ಪಕ್ಕಿಂತ ಸಾವಿರಾರು ಪಟ್ಟು ಕಿರಿದಾದ ವೈರಸ್‌ಗಳನ್ನೂ ಹುಡುಕುತ್ತಿದ್ದಾರೆ.

ಇಷ್ಟು ಶ್ರಮವೇಕೆ? ಅಮೆರಿಕದ ಸುಪೀರಿಯರ್ ಸರೋವರದಲ್ಲಿ ಐಲ್ ರಾಯಲ್ ಎಂಬ ದ್ವೀಪವಿದೆ. 1980ರಲ್ಲಿ ಅಲ್ಲಿ 50 ತೋಳಗಳಿದ್ದವು. 1982ರಲ್ಲಿ ಉಳಿದವು 14 ಮಾತ್ರ. ನಾಯಿಗಳ ಪಾರ್ವೊವೈರಸ್ ಇದಕ್ಕೆ ಕಾರಣವೆಂದು ವಿಜ್ಞಾನಿಗಳು ಭಾವಿಸುತ್ತಾರೆ. 1978ರಲ್ಲಿ ಮೊದಲು ಗುರುತಿಸಲ್ಪಟ್ಟ ಈ ವೈರಸ್ ಕೆಲವೇ ವರ್ಷಗಳಲ್ಲಿ ಭೂಮಂಡಲವನ್ನೇ ವ್ಯಾಪಿಸಿತು. ರೋಗಿಯ ಮಲದೊಡನೆ ಹೊರಬಿದ್ದು, ಮಣ್ಣಿನಲ್ಲಿ ತಿಂಗಳುಗಟ್ಟಲೆ ಕೆಡದೆ ಉಳಿಯುವುದು ಅದರ ಸ್ವಭಾವ.

ಕಾಡುಮೃಗದ ರಕ್ತವನ್ನು ಪರೀಕ್ಷಿಸಬೇಕಾದರೆ ಅದನ್ನು ಹಿಡಿಯಬೇಕು, ಮತ್ತು ಬರಿಸಬೇಕು. ಇದು ಮೃಗಕ್ಕೂ ಮನುಷ್ಯನಿಗೂ ಅಪಾಯಕರ. ಮಲವನ್ನು ಸಂಗ್ರಹಿಸಲು ಮೃಗವನ್ನು ಮುಟ್ಟಬೇಕಾಗಿಲ್ಲ, ಕಾಣಬೇಕಾಗಿಯೂ ಇಲ್ಲ.

ಶೋಧನೆಯ ಕ್ರಮ ಹೀಗಿದೆ. ಮಲವನ್ನು ಲವಣದ್ರಾವಣದಲ್ಲಿ ಕದಡಿ, ಅತಿವೇಗವಾಗಿ ತಿರುಗುವ ಯಂತ್ರದಲ್ಲಿಟ್ಟರೆ ಕೂದಲು, ನಾರು ಮೊದಲಾದವು ತಳ ಸೇರುತ್ತವೆ. ಮೇಲಿನ ತಿಳಿಯನ್ನು ಸೂಕ್ಷ್ಮರಂಧ್ರಗಳ ಸೋಸಕದ ಮೂಲಕ ಹಾಯಿಸಿದರೆ ಬಹುಪಾಲು ಬ್ಯಾಕ್ಟೀರಿಯಗಳು ಮೇಲೆಯೇ ಉಳಿದು ವೈರಸ್‌ಗಳು ಕೆಳಗಿಳಿಯುತ್ತವೆ. ಬಳಿಕ ಒಂದು ಕಿಣ್ವವನ್ನು ಬೆರೆಸುತ್ತಾರೆ. ಬಯಲಾಗಿ ಬಿದ್ದಿರುವ ಡಿಎನ್ಎ ಚೂರುಗಳನ್ನು ಅದು ಕತ್ತರಿಸಿಹಾಕುತ್ತದೆ. ಆದರೆ ಕರಟದೊಳಗಿನ ಕೊಬ್ಬರಿಯಂತೆ ಪ್ರೋಟೀನಿನ ಕವಚದೊಳಗಿರುವ ವೈರಸ್ಸಿನ ವಂಶವಸ್ತು ಸುರಕ್ಷಿತವಾಗಿರುತ್ತದೆ. ಕೊನೆಗೆ ಆ ಕವಚವನ್ನೊಡೆದು, ಒಳಗಿನ ವಂಶವಸ್ತುವಿನ ಘಟಕಗಳ ಅನುಕ್ರಮವನ್ನು ಓದಿ, ಈಗಾಗಲೇ ತಿಳಿದಿರುವ ವೈರಸ್‌ಗಳ ಅನುಕ್ರಮದೊಡನೆ ಹೋಲಿಸುತ್ತಾರೆ. ಯಾವ ವೈರಸ್ಸನ್ನು ಹುಡುಕಬೇಕೆಂದು ಮೊದಲೇ ಊಹಿಸಬೇಕಾಗಿಲ್ಲ ಎಂಬುದೇ ಈ ವಿಧಾನದ ಹಿರಿಮೆ.

ನಮ್ಮ ನೀರುನಾಯಿಯ ಬಳಗಕ್ಕೆ ಸೇರಿದ ಪೈನ್ ಮಾರ್ಟೆನ್ ಮತ್ತು ಬ್ಯಾಜರ್ ಎಂಬ ಪ್ರಾಣಿಗಳ ಮಲದಲ್ಲಿ, ಹಿಂದೆ ಯಾರೂ ಅರಿಯದಿದ್ದ ವೈರಸ್‌ಗಳು ದೊರೆತುವೆಂದು ನೆದರ್ಲೆಂಡ್ಸಿನ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದರು. ಮರುವರ್ಷ ಕೆಂಪು ನರಿಯ ಮಲದಲ್ಲಿ ಹೊಸದೊಂದು ಪಾರ್ವೊವೈರಸ್ಸೂ, ಮನುಷ್ಯರಿಗೆ ಕಾಮಾಲೆಯನ್ನು ತರುವ ಹೆಪಟೈಟಿಸ್ ಇ ವೈರಸ್ಸಿನ ದೂರದ ಬಂಧುವೊಂದೂ ಪತ್ತೆಯಾದವು.

ಆದರೆ ಇಲ್ಲಿ ಎಚ್ಚರಿಕೆ ಬೇಕು. ನರಿಯ ಮಲದಲ್ಲಿ ಕಂಡ ವೈರಸ್ ನರಿಯದೇ ಆಗಿರಬೇಕೆಂಬ ನಿಯಮವಿಲ್ಲ. ಅದು ತಿಂದ ಇಲಿಯದೂ ಆಗಿರಬಹುದು. ಮನುಷ್ಯನ ಮಲದಲ್ಲಿ ಮೆಣಸಿನಕಾಯಿ ಗಿಡದ ವೈರಸ್ ಹೇರಳವಾಗಿರುವುದು 2006ರಲ್ಲಿ ಬೆಳಕಿಗೆ ಬಂದಿತು. ಅದು ನಮ್ಮ ರೋಗವಲ್ಲ, ನಮ್ಮ ಊಟದ ಗುರುತು. ಮೃಗದ್ದೇ ವೈರಸ್ ಆಗಿದ್ದರೂ ಅದರಿಂದ ರೋಗವುಂಟಾಗಲೇಬೇಕೆಂದಿಲ್ಲ. ಆರೋಗ್ಯವಂತ ಪ್ರಾಣಿಗಳಲ್ಲಿಯೂ ವೈರಸ್‌ಗಳು ನೆಲೆಸಿರುತ್ತವೆ. ಆದ್ದರಿಂದ ಮಲವು ಸುಳಿವನ್ನು ಕೊಡುತ್ತದೆಯೇ ಹೊರತು ತೀರ್ಪನ್ನಲ್ಲ. ತೀರ್ಪಿಗೆ ರಕ್ತದ ಮತ್ತು ಅಂಗಾಂಶಗಳ ಪರೀಕ್ಷೆ ಬೇಕು.

ಹಾಗಾದರೆ ಸುಳಿವಿನಿಂದ ಪ್ರಯೋಜನವೇನು? ಗುಜರಾತಿನ ಗಿರ್ ಪ್ರದೇಶದಲ್ಲಿ 2018ರಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತವು. ಅವುಗಳಲ್ಲಿ ಕೆಲವಕ್ಕೆ ನಾಯಿಗಳ ಡಿಸ್ಟೆಂಪರ್ ವೈರಸ್ ತಗುಲಿತ್ತೆಂದು ಪರೀಕ್ಷೆಯಿಂದ ತಿಳಿಯಿತು. ಕಾಡಿನಲ್ಲಿ ಬಾಳುವ ಏಷ್ಯದ ಸಿಂಹಗಳಿಗೆ ಗಿರ್ ಮತ್ತು ಅದರ ಸುತ್ತಮುತ್ತಲ ಪ್ರದೇಶವೇ ಏಕೈಕ ನೆಲೆ. ಅಲ್ಲಿ ಸುದ್ದಿ ಬಂದದ್ದು ಸಾವಿನ ಹಿಂದೆ. ಕಾಡಂಚಿನ ಊರುಗಳ ನಾಯಿಗಳ ಮತ್ತು ಕಾಡಿನ ಮೃಗಗಳ ಮಲವನ್ನು ವರ್ಷವರ್ಷವೂ ಪರೀಕ್ಷಿಸುತ್ತ ಬಂದರೆ, ಅಲ್ಲಿ ಎಂದಿನಿಂದ ಇರುವ ವೈರಸ್ ಯಾವುದು, ಹೊಸದಾಗಿ ಬಂದದ್ದು ಯಾವುದು ಎಂಬುದು ತಿಳಿಯುವುದು. ಮಲದಲ್ಲಿ ಎಲ್ಲ ವೈರಸ್‌ಗಳೂ ಕಾಣಿಸಿಕೊಳ್ಳಲಾರವು ನಿಜ. ಆದರೆ ಕಾಣಿಸಿಕೊಂಡವನ್ನು ಮೊದಲೇ ಗುರುತಿಸಿದರೆ ಊರನಾಯಿಗಳಿಗೆ ಲಸಿಕೆ ಹಾಕಿಸಲು ಕಾಲಾವಕಾಶ ದೊರೆಯುತ್ತದೆ. ನಾವು ಮೂಗು ಮುಚ್ಚಿಕೊಂಡು ದಾಟಿಹೋಗುವ ವಸ್ತುವಿನಲ್ಲಿ ಒಂದು ಮೃಗಕುಲವನ್ನು ಉಳಿಸುವ ಮುನ್ಸೂಚನೆಯೂ ಅಡಗಿರಬಹುದು.