ಎರಡು ತುಂಬಿದ ಮಗು 'ಇಳಿದುಹೋಗುವುದು' ಏಕೆ?

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಿಂದ ಒಬ್ಬ ಅಜ್ಜಿ ಪ್ರಶ್ನೆ ಕಳಿಸಿದ್ದಾರೆ. ಮೊಮ್ಮಗಳಿಗೆ ಮೊನ್ನೆ ಎರಡು ತುಂಬಿತು. ಬೆಳಿಗ್ಗೆ ಎಣ್ಣೆ ನೀರು, ಆರತಿ, ಶ್ಯಾವಿಗೆ ಪಾಯಸ. ಸಂಜೆಗೆ ಪೇಟೆಯಿಂದ ತರಿಸಿದ ಕೇಕು. ಬಂದ ನೆಂಟರದ್ದೆಲ್ಲ ಒಂದೇ ಮಾತು: 'ಹೋದ ವರ್ಷ ಎಷ್ಟು ಗುಂಡುಗುಂಡಗಿತ್ತು, ಈಗ್ಯಾಕೆ ಹಿಂಗೆ ಇಳಿದುಹೋಗಿದೆ ಮಗು?' ಒಂದು ವರ್ಷದ ಫೋಟೊ ಪಕ್ಕಕ್ಕಿಟ್ಟು ನೋಡಿದರೆ ಅಜ್ಜಿಗೂ ಹೌದೆನ್ನಿಸಿದೆ. ಊಟವೂ ಅಷ್ಟಕ್ಕಷ್ಟೆ. ಬಟ್ಟಲು ತುಂಬ ರಾಗಿ ಸರಿ ತಿನ್ನುತ್ತಿದ್ದವಳು ಈಗ ನಾಲ್ಕು ತುತ್ತಿಗೆ ಬಾಯಿ ಬಿಗಿಹಿಡಿಯುತ್ತಾಳೆ. ಟಿವಿಯಲ್ಲಿ ತೋರಿಸುವ, ಎತ್ತರ ಬೆಳೆಸುವ ಪುಡಿಯನ್ನು ಹಾಲಿಗೆ ಹಾಕಿ ಕೊಡಬಹುದೇ ಎಂದು ಕೇಳಿದ್ದಾರೆ.

ಪುಡಿಯ ವಿಷಯ ಆಮೇಲೆ. ಮೊದಲು ಸ್ವಲ್ಪ ಲೆಕ್ಕ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಕೋಷ್ಟಕದಲ್ಲಿ ನಟ್ಟನಡುವಿನ ಹೆಣ್ಣುಮಗು ಹುಟ್ಟಿದಾಗ 49 ಸೆಂಟಿಮೀಟರ್ ಉದ್ದ ಇರುತ್ತದೆ. ವರ್ಷಕ್ಕೆ 74, ಎರಡು ವರ್ಷಕ್ಕೆ 86. ಅಂದರೆ ಮೊದಲ ವರ್ಷ 25 ಸೆಂ.ಮೀ., ಎರಡನೆಯ ವರ್ಷ ಅದರ ಅರ್ಧ. ತೂಕದಲ್ಲಿ ಇಳಿತ ಇನ್ನೂ ಜೋರು: ಮೊದಲ ವರ್ಷ ಐದೂವರೆ ಕಿಲೋಗೂ ಹೆಚ್ಚು ಕೂಡಿದರೆ ಎರಡನೆಯ ವರ್ಷ ಬರೀ ಎರಡೂವರೆ. ಇದು ಕಾಯಿಲೆ ಬಿದ್ದ ಮಗುವಿನ ಲೆಕ್ಕವಲ್ಲ, ಚೆನ್ನಾಗಿ ಬೆಳೆದ ಮಗುವಿನದೇ. ಮೊದಲ ವರ್ಷದ ವೇಗ ಹಾಗೇ ಮುಂದುವರಿದಿದ್ದರೆ ಹತ್ತನೇ ಹುಟ್ಟುಹಬ್ಬದ ಹೊತ್ತಿಗೆ ಹುಡುಗಿ ಮೂರು ಮೀಟರ್ ಎತ್ತರ ಇರುತ್ತಿದ್ದಳು, ಬಾಗಿಲು ಒಡೆಸಬೇಕಿತ್ತು.

ಊಟ ಕಡಿಮೆಯಾದದ್ದಕ್ಕೂ ಉತ್ತರ ಇಲ್ಲೇ ಇದೆ. ಹುಟ್ಟಿದ ಮೊದಲ ಮೂರು ತಿಂಗಳಲ್ಲಿ ಮಗುವಿಗೆ ಬೇಕಾದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳವಣಿಗೆಯೊಂದಕ್ಕೇ ಹೋಗುತ್ತದೆ. ವರ್ಷ ತುಂಬುವಾಗ ಆ ಪಾಲು ನೂರಕ್ಕೆ ಮೂರರ ಆಸುಪಾಸಿಗೆ ಇಳಿದಿರುತ್ತದೆ. ಉಳಿದದ್ದು ಉಸಿರಾಟಕ್ಕೆ, ಮಿದುಳಿಗೆ, ಮನೆಯೆಲ್ಲ ಓಡಾಡಿ ಪಾತ್ರೆ ಎಳೆದುಹಾಕುವುದಕ್ಕೆ. ಮೈಗೆ ಅಂಟಿಕೊಂಡಿದ್ದ ಎಳೆಗೊಬ್ಬೂ ಮೊದಲ ವರ್ಷದಲ್ಲೇ ತುದಿ ಮುಟ್ಟಿ ಆಮೇಲೆ ಕರಗುತ್ತಾ ಬರುತ್ತದೆ. ಐದಾರು ವರ್ಷದವರೆಗೂ ಎತ್ತರಕ್ಕೆ ಹೋಲಿಸಿದರೆ ಮಗು ತೆಳ್ಳಗಾಗುತ್ತಲೇ ಹೋಗುತ್ತದೆ. ಕೆನ್ನೆ ಇಳಿಯುತ್ತದೆ, ತೋಳಿನ ಮಡಿಕೆ ಮಾಯವಾಗುತ್ತದೆ, ಹೊಟ್ಟೆ ಮಾತ್ರ ಒಂದಷ್ಟು ದಿನ ಮುಂದಕ್ಕೇ ಇರುತ್ತದೆ. ಹೋದ ವರ್ಷ ಮೆತ್ತಗಿದ್ದ ನೆತ್ತಿ ಈಗ ಕೂಡಿರುತ್ತದೆ. ತಲೆಯ ಸುತ್ತಳತೆ 47 ಸೆಂ.ಮೀ. ಮುಟ್ಟಿರುತ್ತದೆ. ಎಲ್ಲಕ್ಕಿಂತ ಸೋಜಿಗವೆಂದರೆ, ಹೆಣ್ಣುಮಗು ಒಂದೂವರೆ ವರ್ಷದ ಹೊತ್ತಿಗೇ ತನ್ನ ಜೀವಮಾನದ ಎತ್ತರದಲ್ಲಿ ಹೆಚ್ಚುಕಮ್ಮಿ ಅರ್ಧ ಬೆಳೆದು ಮುಗಿಸಿರುತ್ತದೆ. ಗಂಡುಮಗುವಿಗೆ ಅಷ್ಟಾಗಲು ಎರಡು ವರ್ಷ ಬೇಕು.

ಮಕ್ಕಳ ಬೆಳವಣಿಗೆ ಹೀಗೆ ವರ್ಷ ವರ್ಷಕ್ಕೂ ನಿಧಾನವಾಗುತ್ತದೆ ಎಂಬುದನ್ನು ಲೆಕ್ಕ ಬರೆದಿಟ್ಟು ತೋರಿಸಿದವನು ವೈದ್ಯನಲ್ಲ, ಒಬ್ಬ ಅಪ್ಪ. ಫ್ರಾನ್ಸಿನ ಫಿಲಿಬೆರ್ ಗೆನೊ ದ ಮಾಂಬೆಯಾರ್ ಎಂಬ ಜಮೀನ್ದಾರನಿಗೆ 1759ರ ಏಪ್ರಿಲ್‌ನಲ್ಲಿ ಗಂಡುಮಗು ಹುಟ್ಟಿತು. ಅವನು ಪ್ರಕೃತಿಶಾಸ್ತ್ರಜ್ಞ ಬ್ಯುಫಾಂನ ಗೆಳೆಯ, ಅವನ ಗ್ರಂಥಕ್ಕೆ ಹಕ್ಕಿಗಳ ಬಗ್ಗೆ ಬರೆದುಕೊಟ್ಟವನು. ಹಕ್ಕಿ ನೋಡುವ ಕಣ್ಣಿನಲ್ಲೇ ಮಗನನ್ನೂ ನೋಡಿದ. ಹುಟ್ಟಿದಾಗಿನಿಂದ ಹದಿನೆಂಟರವರೆಗೆ, ಸುಮಾರು ಆರಾರು ತಿಂಗಳಿಗೊಮ್ಮೆ ಅಳೆದ, ಬರೆದಿಟ್ಟ. 1777ರಲ್ಲಿ ಬ್ಯುಫಾಂ ಅದನ್ನು ತನ್ನ ಗ್ರಂಥದ ಪುರವಣಿಯಲ್ಲಿ ಅಚ್ಚು ಹಾಕಿಸಿದ. ಆಮೇಲೆ ಆ ಅಂಕಿಗಳು ಹಳೆಯ ಫ್ರೆಂಚ್ ಅಡಿ-ಅಂಗುಲಗಳಲ್ಲೇ ಒಂದೂವರೆ ಶತಮಾನ ಮಲಗಿದ್ದವು. 1927ರಲ್ಲಿ ಅಮೆರಿಕದ ಅಂಗರಚನಾ ಶಾಸ್ತ್ರಜ್ಞ ರಿಚರ್ಡ್ ಸ್ಕ್ಯಾಮನ್ ಅವನ್ನು ಸೆಂಟಿಮೀಟರಿಗೆ ಇಳಿಸಿ ಗೆರೆ ಎಳೆದ. ಹುಟ್ಟಿನಲ್ಲಿ ಕಡಿದಾಗಿ ಏರಿ, ಆಮೇಲೆ ಬಾಗಿ, ಹರೆಯಕ್ಕೆ ಬಂದಾಗ ಮತ್ತೊಮ್ಮೆ ಜಿಗಿಯುವ ಗೆರೆ. ಇವತ್ತಿಗೂ ಬೆಳವಣಿಗೆಯ ಪಠ್ಯಪುಸ್ತಕಗಳಲ್ಲಿ ಮೊದಲು ಕಾಣಿಸುವ ಚಿತ್ರ ಅದೇ. ನಮ್ಮಲ್ಲೂ ಬಾಗಿಲ ಚೌಕಟ್ಟಿಗೆ ಮಕ್ಕಳನ್ನು ಆನಿಸಿ ಪೆನ್ಸಿಲ್ ಗೀಟು ಹಾಕುವ ಅಪ್ಪಂದಿರಿದ್ದಾರೆ. ಸುಣ್ಣ-ಬಣ್ಣ ಮಾಡಿಸುವಾಗ ಅಳಿಸಿಹೋಗುತ್ತದೆ, ಅಷ್ಟೆ.

ಆರು ತಿಂಗಳಿಗೊಮ್ಮೆ ಅಳೆದರೆ ಗೆರೆ ನಯವಾಗಿ ಕಾಣುತ್ತದೆ. ದಿನಾ ಅಳೆದರೆ? 1992ರಲ್ಲಿ ಮಿಶೆಲ್ ಲ್ಯಾಂಪ್ಲ್ ಮತ್ತು ಸಂಗಡಿಗರು 31 ಎಳೆಮಕ್ಕಳನ್ನು ದಿನಕ್ಕೊಮ್ಮೆ, ವಾರಕ್ಕೊಮ್ಮೆ ಅಳೆದು 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಮಗು ದಿನಾ ಇಷ್ಟಿಷ್ಟು ಬೆಳೆಯುವುದಿಲ್ಲ. ಎಷ್ಟೋ ದಿನ ಏನೂ ಬೆಳೆಯದೆ ಇದ್ದು, ಒಂದು ದಿನ ಇದ್ದಕ್ಕಿದ್ದಂತೆ ಅರ್ಧ ಸೆಂ.ಮೀ.ನಿಂದ ಎರಡೂವರೆ ಸೆಂ.ಮೀ.ವರೆಗೆ ಜಿಗಿಯುತ್ತದೆ ಎಂದರು. ನಡುವಿನ ಬಿಡುವು ಎರಡು ದಿನವೂ ಇರಬಹುದು, ಎರಡು ತಿಂಗಳೂ ಇರಬಹುದು. ಕುಣಿದಾಡುವ ಮಗುವನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುವುದು ಎಂಥ ಪಾಡು ಎಂದು ಬಲ್ಲ ಕೆಲವು ವಿಜ್ಞಾನಿಗಳು ಇದನ್ನು ಪೂರ್ತಿ ಒಪ್ಪಲಿಲ್ಲ. 'ರಾತ್ರಿ ಬೆಳಗಾಗುವುದರೊಳಗೆ ಲಂಗ ಗಿಡ್ಡವಾಯ್ತು' ಎನ್ನುವ ಅಜ್ಜಿಯರು ಮಾತ್ರ ಈ ವಾದದಲ್ಲಿ ಲ್ಯಾಂಪ್ಲ್ ಕಡೆಗೇ ನಿಲ್ಲುತ್ತಾರೆ. ನನಗೂ ಆ ಕಡೆಗೇ ಒಲವು.

ಹಾಗಾದರೆ ಯಾವ ಮಗು ಸರಿಯಾಗಿ ಬೆಳೆಯುತ್ತಿದೆ, ಯಾವುದು ಇಲ್ಲ ಎಂದು ತಿಳಿಯುವುದು ಹೇಗೆ? ಇದಕ್ಕೆ ರುದ್ರಪಟ್ಟಣದವರಿಗೆ ನಾನು ಹೊಸದಾಗಿ ಹೇಳಬೇಕಾದ್ದು ಕಡಿಮೆ. ಕಾವೇರಿ ದಂಡೆಯ ಆ ಸಣ್ಣ ಊರು ಆರ್.ಕೆ. ಶ್ರೀಕಂಠನ್ ಅವರಿಂದ ಹಿಡಿದು ರುದ್ರಪಟ್ಟಣ ಸಹೋದರರವರೆಗೆ ಎಷ್ಟು ಗಾಯಕರನ್ನು ಕೊಟ್ಟಿತೆಂದರೆ, ಆರ್.ಕೆ. ಪದ್ಮನಾಭ ಅವರು ಅಲ್ಲಿ ತಂಬೂರಿಯ ಆಕಾರದಲ್ಲೇ ಒಂದು ಸಪ್ತಸ್ವರ ಧ್ಯಾನಮಂದಿರ ಕಟ್ಟಿಸಿದ್ದಾರೆ. ಒಬ್ಬೊಬ್ಬ ಗಾಯಕನಿಗೂ ಅವನದೇ ಶ್ರುತಿ. ಒಬ್ಬರದು ಕೆಳಗೆ, ಒಬ್ಬರದು ಮೇಲೆ. ಕೆಳಗಿನ ಶ್ರುತಿಯಲ್ಲಿ ಹಾಡಿದರೆ ಯಾರೂ ತಪ್ಪೆನ್ನುವುದಿಲ್ಲ. ಹಿಡಿದ ಶ್ರುತಿ ನಡುವೆ ಜಾರಿದರೆ ಮಾತ್ರ ಸಭೆಯಲ್ಲಿ ಕೂತವರು ಮುಖ ಮುಖ ನೋಡಿಕೊಳ್ಳುತ್ತಾರೆ. ತಾಯಿ ಕಾರ್ಡಿನಲ್ಲಿ ಅಚ್ಚಾದ ಬೆಳವಣಿಗೆ ನಕ್ಷೆಯನ್ನು ಓದುವುದೂ ಹೀಗೇ. ಅದರಲ್ಲಿ ಒಂದರ ಮೇಲೊಂದು ಬಾಗಿದ ಗೆರೆಗಳಿವೆ. ನಿಮ್ಮ ಮಗು ನಡುಗೆರೆಗಿಂತ ಸ್ವಲ್ಪ ಕೆಳಗಿನ ಗೆರೆ ಹಿಡಿದು ತಿಂಗಳಾನುತಿಂಗಳು ಅದರ ಜೊತೆಗೇ ಸಾಗುತ್ತಿದ್ದರೆ ಅದು ಅವಳ ಶ್ರುತಿ. ಅಪ್ಪ ಅಮ್ಮ ಕುಳ್ಳಗಿದ್ದರೆ ಅದು ಸಹಜ ಕೂಡ. ಒಂದು ಗೆರೆಯಲ್ಲಿದ್ದವಳು ಭೇದಿಯೋ ಜ್ವರವೋ ಬಂದು ಕೆಳಗಿನ ಗೆರೆಗೆ ಇಳಿದು, ಮೇಲೆ ಬರದೆ ಮತ್ತೂ ಕೆಳಗಿನದಕ್ಕೆ ಜಾರಿದರೆ ಆಗ ವೈದ್ಯರ ಬಳಿ ಹೋಗಬೇಕು. ಹಾಗೇ ಎತ್ತರ, ತೂಕ ಎಲ್ಲಕ್ಕಿಂತ ಕೆಳಗಿನ ಗೆರೆಗಿಂತಲೂ ತಗ್ಗಿದ್ದರೆ ಶ್ರುತಿಯ ಸಮಾಧಾನ ಹೇಳಿಕೊಂಡು ಕೂರುವಂತಿಲ್ಲ. ಹುಟ್ಟುಹಬ್ಬದ ದಿನ ಒಮ್ಮೆ ತೂಗಿ, ಪಕ್ಕದ ಮನೆ ಮಗುವಿನ ಜೊತೆ ಹೋಲಿಸಿದರೆ ಇದರಲ್ಲಿ ಯಾವುದೂ ತಿಳಿಯದು.

ಈ ಗೆರೆಗಳು ಎಲ್ಲಿಂದ ಬಂದವು ಎಂಬುದೂ ತಿಳಿದಿರಲಿ. ಬಹುಕಾಲ ಜಗತ್ತೆಲ್ಲ ಬಳಸುತ್ತಿದ್ದ ಕೋಷ್ಟಕದ ಎಳೆಮಕ್ಕಳ ಭಾಗ ಅಮೆರಿಕದ ಒಹಾಯೊ ರಾಜ್ಯದ ಒಂದು ಊರಿನ ಮಕ್ಕಳದು, ಅದರಲ್ಲೂ ಹೆಚ್ಚಿನವರು ಡಬ್ಬಿ ಹಾಲು ಕುಡಿದವರು. ಎದೆಹಾಲು ಕುಡಿದ ಮಗುವನ್ನು ಅದರೊಂದಿಗೆ ತಾಳೆ ನೋಡಿದರೆ ಕೆಲವು ತಿಂಗಳ ನಂತರ ಹಿಂದೆ ಬಿದ್ದಂತೆ ಕಾಣುತ್ತಿತ್ತು. ಆಗ ತಾಯಿಗೆ 'ಹಾಲು ಸಾಲದು' ಎಂಬ ಬುದ್ಧಿವಾದ. ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕಗಳಲ್ಲಿ ಎದೆಹಾಲು ಕುಡಿದು ಆರೋಗ್ಯವಾಗಿ ಬೆಳೆದ ಸುಮಾರು 8,500 ಮಕ್ಕಳನ್ನು ಅಳೆದು 2006ರಲ್ಲಿ ಹೊಸ ಕೋಷ್ಟಕ ತಂದಿತು. ನಮ್ಮ ದೇಶದ ಮಕ್ಕಳು ದಕ್ಷಿಣ ದೆಹಲಿಯ ಅನುಕೂಲಸ್ಥ ಮನೆಗಳವರು. ಆರೂ ಕಡೆಯ ಮಕ್ಕಳ ಉದ್ದ ಹೆಚ್ಚುಕಮ್ಮಿ ಒಂದೇ ಬಂತು. 'ನಮ್ಮ ಜನವೇ ಕುಳ್ಳು ಬಿಡಿ' ಎಂದು ಕೈ ತೊಳೆದುಕೊಳ್ಳುತ್ತಿದ್ದವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಎಂದು ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ರಾಜ್ಯದಲ್ಲಿ ಅಂಗನವಾಡಿ ಯೋಜನೆ ಮೊದಲು ಕಾಲಿಟ್ಟದ್ದು 1975ರಲ್ಲಿ, ಇದೇ ಕಾವೇರಿಯ ಕೆಳಹರಿವಿನ ತಿ. ನರಸೀಪುರದಲ್ಲಿ. ಅರ್ಧ ಶತಮಾನ ತೂಗಿದ ಮೇಲೂ ಅಂಕಿ ಹೀಗಿದೆ.

ಚಿಕ್ಕಂದಿನ ತೂಕ ಎಷ್ಟು ದೂರದ ಮಾತು ಹೇಳುತ್ತದೆ ಎಂಬುದಕ್ಕೆ ಎರಡು ಕಡೆಯ ಹಳೇ ರಿಜಿಸ್ಟರುಗಳಿವೆ. ಒಂದು ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್‌ನದು. ಅಲ್ಲಿ 1911ರಿಂದ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬಾಕೆಯ ಉಸ್ತುವಾರಿಯಲ್ಲಿ ದಾದಿಯರು ಮಗು ಹುಟ್ಟಿದಾಗೊಮ್ಮೆ, ವರ್ಷ ತುಂಬಿದಾಗೊಮ್ಮೆ ತೂಕ ಬರೆದಿಟ್ಟರು. 1989ರಲ್ಲಿ ಡೇವಿಡ್ ಬಾರ್ಕರ್ ಆ ಪುಸ್ತಕಗಳನ್ನು ಹಿಡಿದು 5,654 ಗಂಡಸರ ಕತೆ ಏನಾಯಿತೆಂದು ಹುಡುಕಿದಾಗ, ಮೊದಲ ಹುಟ್ಟುಹಬ್ಬದಲ್ಲಿ ತೀರಾ ಹಗುರವಿದ್ದವರೇ ಮುಂದೆ ಹೃದಯಾಘಾತದಿಂದ ಹೆಚ್ಚು ಸತ್ತಿದ್ದರು.

ಇನ್ನೊಂದು ನಮ್ಮ ಮೈಸೂರಿನದು. ಊರಿನವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೇ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುವ ಪದ್ಧತಿ ಇತ್ತು. ಹೆರಿಗೆ ಕೋಣೆಯ ಗದ್ದಲದಲ್ಲಿ, ಬಾಣಂತಿ ನರಳುತ್ತಿರುವಾಗ, ಆಗತಾನೆ ಹುಟ್ಟಿದ ಕೂಸಿನ ಕಾಲು ನೀಡಿಸಿ ಉದ್ದ ಹಿಡಿದ ಆ ಸೂಲಗಿತ್ತಿ ನರ್ಸುಗಳಿಗೆ, ಅರವತ್ತು ವರ್ಷ ಕಳೆದು ಅದನ್ನು ಯಾರಾದರೂ ಓದುತ್ತಾರೆಂಬ ಅಂದಾಜೂ ಇದ್ದಿರಲಾರದು. 1990ರ ದಶಕದಲ್ಲಿ ಬಾರ್ಕರ್, ಕ್ಯಾರೊಲಿನ್ ಫಾಲ್ ಅವರ ತಂಡ ಆಸ್ಪತ್ರೆಯ ಸುತ್ತಲ ಬಡಾವಣೆಗಳಲ್ಲಿ ಮನೆಮನೆಗೆ ಹೋಗಿ, ಅಲ್ಲೇ ಹುಟ್ಟಿ ಅಲ್ಲೇ ಉಳಿದ 517 ಮಂದಿಯನ್ನು ಪತ್ತೆ ಹಚ್ಚಿತು. 1996ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂದ ಫಲಿತಾಂಶ ಇದು: ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ತೂಕಕ್ಕೆ ಹುಟ್ಟಿದವರ ಪೈಕಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ, ಮೂರು ಕಿಲೋ ದಾಟಿ ಹುಟ್ಟಿದವರಲ್ಲಿ ನೂರಕ್ಕೆ ಮೂವರಿಗೆ ಮಾತ್ರ. ಇದು ಹಣೆಬರಹವಲ್ಲ, ಗುಂಪಿನ ಲೆಕ್ಕ. ಹಗುರಾಗಿ ಹುಟ್ಟಿಯೂ ಈ ಕಾಯಿಲೆ ಇಲ್ಲದ ನೂರಕ್ಕೆ 89 ಮಂದಿ ಅದೇ ಲೆಕ್ಕದಲ್ಲಿದ್ದಾರೆ.

ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಹುಟ್ಟಿದ ಆರುನೂರಕ್ಕೂ ಹೆಚ್ಚು ಮಕ್ಕಳನ್ನು ಜಿ.ವಿ. ಕೃಷ್ಣವೇಣಿ ಮತ್ತವರ ಸಹೋದ್ಯೋಗಿಗಳು ವರ್ಷ ವರ್ಷವೂ ಅಳೆಯುತ್ತಾ ಬಂದರು. 'ಪಾರ್ಥೆನಾನ್ ಅಧ್ಯಯನ' ಎಂದು ಅದರ ಹೆಸರು. ಮೈಸೂರಿನ ಕೂಸುಗಳು ಇಂಗ್ಲೆಂಡಿನ ಕೂಸುಗಳಿಗಿಂತ ಎಲ್ಲ ಅಳತೆಯಲ್ಲೂ ಸಣ್ಣವು. ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆ ಇರಲಿಲ್ಲ. ಅಂದರೆ ನಮ್ಮ ಮಕ್ಕಳಲ್ಲಿ ಕೊರತೆ ಬೀಳುವುದು ಸ್ನಾಯುವಿಗೆ, ಉದ್ದಕ್ಕೆ; ಕೊಬ್ಬು ಹೇಗೋ ತನ್ನ ಜಾಗ ಉಳಿಸಿಕೊಳ್ಳುತ್ತದೆ. ದೆಹಲಿಯಲ್ಲಿ 1969-72ರಲ್ಲಿ ಹುಟ್ಟಿದವರ ಅಧ್ಯಯನ ಇದಕ್ಕೆ ಇನ್ನೊಂದು ಮಾತು ಸೇರಿಸಿತು: ದೊಡ್ಡವರಾದ ಮೇಲೆ ಸಕ್ಕರೆ ಕಾಯಿಲೆಗೆ ಸಿಕ್ಕಿದವರು ಎಳವೆಯಲ್ಲಿ ತೆಳ್ಳಗಿದ್ದವರು, ಬಾಲ್ಯದಲ್ಲಿ ಬೇಗನೆ ಮೈ ತುಂಬಿಕೊಳ್ಳತೊಡಗಿದವರು. ಕೆನ್ನೆ ಹಿಂಡಿ 'ಮೈ ಹಿಡಿದಿದೆ' ಎನ್ನುವ ನಮ್ಮ ಪರೀಕ್ಷೆ ಅಳೆಯುವುದು ಈ ಕೊಬ್ಬನ್ನೇ. ನೋಡಬೇಕಾದದ್ದು ಉದ್ದ.

ಪುಡಿಯ ಪ್ರಶ್ನೆಗೆ ಈಗ ಉತ್ತರ ಸುಲಭ. ಇಂಥ ಬಹುತೇಕ ಡಬ್ಬಿಗಳ ಹಿಂಭಾಗದ ಸಣ್ಣ ಅಕ್ಷರ ಓದಿದರೆ ಸಕ್ಕರೆ, ಮಾಲ್ಟು, ಹಾಲಿನ ಪುಡಿ, ಒಂದಷ್ಟು ವಿಟಮಿನ್ ಸಿಗುತ್ತವೆ. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳಿಗೆ ಇಂಥ ಪೇಯಗಳನ್ನು 'ಆರೋಗ್ಯ ಪೇಯ' ಎಂಬ ಪಟ್ಟಿಯಿಂದ ತೆಗೆಯಿರಿ ಎಂದು ಸೂಚಿಸಿತು. ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಅಂಥ ವರ್ಗವೇ ಇಲ್ಲ. ಗೆರೆ ಹಿಡಿದು ಬೆಳೆಯುತ್ತಿರುವ ಮಗುವಿಗೆ ಅದರ ಅಗತ್ಯವಿಲ್ಲ, ಗೆರೆ ಜಾರಿದ ಮಗುವಿಗೆ ಅದು ಸಾಲದು. ಊಟ ಬಿಟ್ಟಳೆಂದು ಲೋಟಗಟ್ಟಲೆ ಹಾಲು ಕುಡಿಸುವುದೂ ಬೇಡ. ಹೊಟ್ಟೆ ಹಾಲಿನಲ್ಲೇ ತುಂಬಿದರೆ ಅನ್ನಕ್ಕೆ ಜಾಗವಿರುವುದಿಲ್ಲ, ಹಾಲಿನಲ್ಲಿ ಕಬ್ಬಿಣದ ಅಂಶ ಕಡಿಮೆಯಾದ್ದರಿಂದ ರಕ್ತಹೀನತೆಗೂ ದಾರಿ. ಗಟ್ಟಿ ಬೇಳೆ, ಸೊಪ್ಪು, ಮೊಳಕೆ ಹೆಸರುಕಾಳು, ತುಪ್ಪ, ತಿನ್ನುವ ಮನೆಯಾದರೆ ಮೊಟ್ಟೆ ತಟ್ಟೆಗೆ ಬಡಿಸಿ. ಎಷ್ಟು ತಿನ್ನಬೇಕೆಂಬುದನ್ನು ಅವಳೇ ತೀರ್ಮಾನಿಸಲಿ.

ಮುಂದಿನ ಸಲ ಅಂಗನವಾಡಿಗೆ ಹೋದಾಗ ಒಂದು ಬದಲಾವಣೆ ಇರುತ್ತದೆ. ಎರಡು ವರ್ಷದೊಳಗಿನ ಮಗುವನ್ನು ಹಲಗೆಯ ಮೇಲೆ ಮಲಗಿಸಿ ಅಳೆಯುತ್ತಾರೆ, ಎರಡು ತುಂಬಿದ ಮೇಲೆ ಗೋಡೆಗೆ ಆನಿಸಿ ನಿಲ್ಲಿಸುತ್ತಾರೆ. ನಿಂತಾಗ ಬೆನ್ನುಮೂಳೆ ಮೈಭಾರಕ್ಕೆ ಚೂರು ಕುಸಿಯುವುದರಿಂದ ಅಳತೆ ಸುಮಾರು 7 ಮಿಲಿಮೀಟರ್ ಕಡಿಮೆ ಬರುತ್ತದೆ. ಕೋಷ್ಟಕದಲ್ಲೂ ಆ 7 ಮಿ.ಮೀ. ಕಳೆದೇ ಗೆರೆ ಎಳೆದಿದ್ದಾರೆ. ಚಪ್ಪಲಿ ಬಿಚ್ಚಿಸಿ, ಜುಟ್ಟು ಬಿಚ್ಚಿ, ಹಿಮ್ಮಡಿ ಗೋಡೆಗೆ ತಾಗಿಸಿ, ಸಾಧ್ಯವಾದರೆ ಪ್ರತಿ ಸಲವೂ ಬೆಳಗಿನ ಹೊತ್ತಿನಲ್ಲೇ ಅಳೆಸಿ.